ವೀಸಾಕ್ಕೆ ಸಾಕಾಗುವ ವಿಮೆ ಆಸ್ಪತ್ರೆಗೆ ಸಾಕಾಗುತ್ತದೆಯೇ?

ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟದ ಮೇಲಿನ ಪಣಕಹಳ್ಳಿ ನಕ್ಷೆಯಲ್ಲಿ ತಮಿಳುನಾಡು, ಮಾತಿನಲ್ಲಿ ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇದೇ ಸೀಮೆಯದ್ದು. ಇಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ 27 ಕಡಿದಾದ ತಿರುವುಗಳ ದಿಂಬಂ ಘಾಟಿ ಇಳಿಯಬೇಕು. 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಉಂಟು. ಹಾಗಾಗಿ ದೊಡ್ಡ ಕಾಯಿಲೆ ಬಂದರೆ ಜನ ಚಾಮರಾಜನಗರ, ಮೈಸೂರಿನ ಕಡೆ ನೋಡುತ್ತಾರೆ. ಆಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: "ನಮ್ಮ ಕಾರ್ಡು ಅಲ್ಲಿ ನಡೀತದಾ?"

ತಮಿಳುನಾಡು ಮುಖ್ಯಮಂತ್ರಿಗಳ ಆರೋಗ್ಯ ವಿಮೆಯಲ್ಲಿ, ವರ್ಷಕ್ಕೆ 1.20 ಲಕ್ಷ ರೂ.ಗಿಂತ ಕಡಿಮೆ ಆದಾಯದ ಕುಟುಂಬಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಇದೆ. ಆದರೆ ಹೋದ ಆಸ್ಪತ್ರೆ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಐದು ಲಕ್ಷ ಬರೀ ಕಾಗದ. ನಮ್ಮ ಕರಾವಳಿಯವರಿಗೂ ಗಡಿಯ ಈ ಸಂಕಟ ಹೊಸದಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಬರಲಾಗದೆ ಪಟ್ಟ ಪಾಡು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು.

ಈಗ ಇದೇ ಪಣಕಹಳ್ಳಿಯಿಂದ, ಅಥವಾ ಉಳ್ಳಾಲದಿಂದ, ಒಬ್ಬಳು ಹುಡುಗಿ ಸಾಲ ಮಾಡಿ ವಿದೇಶಕ್ಕೆ ಓದಲು ಹೊರಟಳು ಅಂತ ಇಟ್ಟುಕೊಳ್ಳಿ. ಪಕ್ಕದ ಜಿಲ್ಲೆಯ ಆಸ್ಪತ್ರೆಗೆ ಹೋಗುವಾಗ ಕಾರ್ಡಿನ ಬಗ್ಗೆ ಹತ್ತು ಸಲ ಕೇಳುವ ಮನೆಯವರು, ಏಳು ಸಮುದ್ರದ ಆಚೆ ಕಳುಹಿಸುವಾಗ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. "ಇನ್ಶೂರೆನ್ಸ್ ಆಗಿದೆ, ಏಜೆಂಟ್ ಮಾಡ್ಸಿದ್ದಾರೆ" ಅಂದರೆ ಮಾತು ಮುಗಿಯಿತು. ಅಪಾಯ ಇರುವುದೇ ಇಲ್ಲಿ.

2024ರ ಜುಲೈನಲ್ಲಿ ಕೇಂದ್ರ ಸರ್ಕಾರ ಲೋಕಸಭೆಗೆ ಕೊಟ್ಟ ಉತ್ತರದ ಪ್ರಕಾರ, ಅದರ ಹಿಂದಿನ ಐದು ವರ್ಷಗಳಲ್ಲಿ 41 ದೇಶಗಳಲ್ಲಿ 633 ಭಾರತೀಯ ವಿದ್ಯಾರ್ಥಿಗಳು ಮೃತಪಟ್ಟಿದ್ದಾರೆ. ಕೆನಡಾದಲ್ಲಿ 172, ಅಮೆರಿಕದಲ್ಲಿ 108, ಬ್ರಿಟನ್‌ನಲ್ಲಿ 58. ಅಪಘಾತ, ಕಾಯಿಲೆ, ಸಹಜ ಸಾವು ಎಲ್ಲವೂ ಇದರಲ್ಲಿ ಸೇರಿವೆ. ಬದುಕಿ ಉಳಿದು ಆಸ್ಪತ್ರೆ ಬಿಲ್ಲಿನಡಿ ಸಿಕ್ಕಿಬಿದ್ದವರು ಈ ಲೆಕ್ಕದಲ್ಲಿಲ್ಲ.

ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು, 'ವಿದ್ಯಾರ್ಥಿ ವಿಮೆ' ಎಂಬುದು ಎಲ್ಲಾ ಕಡೆ ಒಂದೇ ವಸ್ತುವಲ್ಲ. ಬ್ರಿಟನ್‌ನಲ್ಲಿ ಅದು ವಿಮೆಯೇ ಅಲ್ಲ, ವೀಸಾ ಜೊತೆ ಸರ್ಕಾರಕ್ಕೆ ಕಟ್ಟುವ ಆರೋಗ್ಯ ಶುಲ್ಕ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 470 ಪೌಂಡ್ ಇದ್ದದ್ದು 2024ರ ಫೆಬ್ರವರಿ 6ರಿಂದ 776 ಪೌಂಡ್ ಆಯಿತು. ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೂ ವೀಸಾ ಅವಧಿ ವರ್ಷಕ್ಕಿಂತ ಹೆಚ್ಚಿರುವುದರಿಂದ ಸಾಮಾನ್ಯವಾಗಿ ಒಂದೂವರೆ ವರ್ಷದ್ದು, ಅಂದರೆ 1,164 ಪೌಂಡ್, ಮೊದಲೇ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿ ದಾಟಿತು. ಕಟ್ಟಿದ ಮೇಲೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಸಿಗುತ್ತದೆ. ಹಲ್ಲಿನ ಚಿಕಿತ್ಸೆಗೆ, ಇಂಗ್ಲೆಂಡಿನಲ್ಲಾದರೆ ಚೀಟಿಯ ಔಷಧಿಗೆ, ಬೇರೆ ದುಡ್ಡು.

ಜರ್ಮನಿಯಲ್ಲಿ 30 ವರ್ಷದೊಳಗಿನವರಿಗೆ ಅಲ್ಲಿನ ಸಾರ್ವಜನಿಕ ವಿಮೆ ಸಿಗುತ್ತದೆ. ಅಗ್ಗ ಎಂದು ಖಾಸಗಿ ವಿಮೆ ಆರಿಸಿದರೆ ಓದು ಮುಗಿಯುವ ತನಕ ಸಾರ್ವಜನಿಕ ವಿಮೆಗೆ ವಾಪಸ್ ಬರುವುದು ಬಹಳ ಕಷ್ಟ. ಆಸ್ಟ್ರೇಲಿಯಾದಲ್ಲಿ ವೀಸಾ ಇರುವಷ್ಟು ದಿನವೂ ವಿಮೆ ಕಡ್ಡಾಯ. ಆದರೆ ಮೊದಲೇ ಇದ್ದ ಕಾಯಿಲೆಗೆ 12 ತಿಂಗಳು ಕಾಯಬೇಕಾಗಬಹುದು. ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ನಿಯಮ. ಮ್ಯಾನಿಟೋಬಾ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಉಚಿತ ಆರೋಗ್ಯ ಸೌಲಭ್ಯವನ್ನು 2018ರಲ್ಲೇ ನಿಲ್ಲಿಸಿದೆ.

ಅತಿ ದೊಡ್ಡ ಗುಂಡಿ ಅಮೆರಿಕದ್ದು. ಅಲ್ಲಿ ಜೆ-1 ವೀಸಾದವರಿಗೆ ಸರ್ಕಾರವೇ ಮಿತಿ ಹಾಕಿದೆ: ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1 ಲಕ್ಷ ಡಾಲರ್, ಮೃತದೇಹ ಊರಿಗೆ ಕಳುಹಿಸಲು 25 ಸಾವಿರ ಡಾಲರ್. ಆದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೋಗುವುದು ಎಫ್-1 ವೀಸಾದಲ್ಲಿ. ಅದಕ್ಕೆ ಇಂಥ ಮಿತಿ ಇಲ್ಲ, ವಿಶ್ವವಿದ್ಯಾಲಯ ಹೇಳಿದ್ದೇ ನಿಯಮ. ವಿಶ್ವವಿದ್ಯಾಲಯದ ಪಾಲಿಸಿ ದುಬಾರಿ ಎಂದು, ಬಿಡುವವರು ಬಿಟ್ಟು ಊರಿನಿಂದಲೇ ಅಗ್ಗದ ಪಾಲಿಸಿ ಒಯ್ಯುತ್ತಾರೆ. ತುರ್ತು ಸ್ಥಿತಿಯಲ್ಲಿ ಬಂದವರನ್ನು ದುಡ್ಡಿಲ್ಲ ಎಂದು ಅಲ್ಲಿನ ಆಸ್ಪತ್ರೆ ಹೊರಹಾಕುವಂತಿಲ್ಲ, 1986ರಿಂದ ಕಾನೂನಿದೆ. ಆದರೆ ಬಿಲ್ಲು ಆಮೇಲೆ ಮನೆಗೆ ಬರುತ್ತದೆ. ಓದು ಮುಗಿದ ಕೂಡಲೇ ವಿಶ್ವವಿದ್ಯಾಲಯದ ಪಾಲಿಸಿಯೂ ಮುಗಿಯುವುದೇ ಹೆಚ್ಚು. ಕೆಲಸ ಹುಡುಕುವ ಆ ತಿಂಗಳುಗಳಲ್ಲಿ ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಬ್ಯಾಂಕಿನದ್ದು. ಶಿಕ್ಷಣ ಸಾಲ ಕೊಡುವಾಗ ಬ್ಯಾಂಕು ಒಂದು ವಿಮೆ ಮಾಡಿಸುತ್ತದೆ. "ಹಾಗಾದ್ರೆ ಮಗಳಿಗೆ ವಿಮೆ ಉಂಟಲ್ಲ" ಎಂದು ಉಪ್ಪ ನಿರಾಳ. ಸಾಮಾನ್ಯವಾಗಿ ಅದು ಜೀವ ವಿಮೆ. ವಿದ್ಯಾರ್ಥಿ ತೀರಿಕೊಂಡರೆ ಸಾಲ ಚುಕ್ತಾ ಆಗಲಿಕ್ಕೆ ಇರುವಂಥದ್ದು. ಅಪೆಂಡಿಕ್ಸ್ ಆಪರೇಷನ್ನಿಗೆ ಅದರಿಂದ ಒಂದು ಪೈಸೆ ಬರುವುದಿಲ್ಲ.

ಯುದ್ಧವೂ ಸಾಮಾನ್ಯವಾಗಿ ಪ್ರಯಾಣ ವಿಮೆಯ ಹೊರಗೆ. ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದರು. ಮೃತದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ಕ್ಕೆ. ಇಡೀ ದೇಶದ ಕಣ್ಣು ಅಲ್ಲಿತ್ತು, ಸರ್ಕಾರಗಳು ಮುಂದೆ ನಿಂತವು. ಪ್ರತಿ ಮನೆಯ ದುಃಖಕ್ಕೂ ಹಾಗೆ ಆಗುವುದಿಲ್ಲ.

ಹಾಗಾದರೆ ಸರ್ಕಾರದ ಪಾತ್ರ ಎಂತ? ಗಲ್ಫಿನ ಅನುಭವ ಇರುವ ನಮ್ಮ ಸಮುದಾಯಕ್ಕೆ ಉತ್ತರ ಗೊತ್ತಿರಬೇಕು. ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಾದ ಕಾರ್ಮಿಕರಿಗೆ 2003ರಿಂದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂ., ಮೂರು ವರ್ಷಕ್ಕೆ 375 ರೂ. ಕಟ್ಟಿದರೆ ಅಪಘಾತದ ಸಾವು, ಅಂಗವೈಕಲ್ಯಕ್ಕೆ 10 ಲಕ್ಷ ರೂ. ರಕ್ಷಣೆ. ಕೊರತೆಗಳಿರಬಹುದು, ಆದರೂ ಒಂದು ತಳಪಾಯ ಇದೆ. ವಿದ್ಯಾರ್ಥಿಗೆ ಅಂಥ ತಳಪಾಯವೇ ಇಲ್ಲ. ರಾಯಭಾರ ಕಚೇರಿಗಳಲ್ಲಿ 2009ರಲ್ಲಿ ಶುರುವಾದ ಸಮುದಾಯ ಕಲ್ಯಾಣ ನಿಧಿ ಇದೆ. ಅದು ತೀರಾ ಕಷ್ಟದಲ್ಲಿರುವವರಿಗೆ ಪರಿಶೀಲಿಸಿ ಕೊಡುವ ನೆರವು, ಹಕ್ಕಲ್ಲ.

ಇದರ ಮೇಲೆ, ವಿದೇಶಕ್ಕೆ ಹೋಗುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ನೆರವಾಗುತ್ತಿದ್ದ 'ಪಢೋ ಪರ್ದೇಶ್' ಯೋಜನೆಯನ್ನು ಕೇಂದ್ರ 2022-23ರಲ್ಲಿ ನಿಲ್ಲಿಸಿತು. ಬಡ್ಡಿಯ ಭಾರ ಹೆಚ್ಚಾದಾಗ ಮನೆಯವರು ಮೊದಲು ಕತ್ತರಿ ಹಾಕುವುದು ಎಲ್ಲಿಗೆ? ಕಾಲೇಜು ಶುಲ್ಕಕ್ಕೆ ಆಗುವುದಿಲ್ಲ, ಬಾಡಿಗೆಗೆ ಆಗುವುದಿಲ್ಲ. ವಿಮೆಗೆ ಆಗುತ್ತದೆ. ಆದ್ದರಿಂದ ಸಾಲ ಕೊಡುವ ನಿಗಮಗಳು, ಕರ್ನಾಟಕದ್ದಾಗಲಿ ತಮಿಳುನಾಡಿನ ಟಾಮ್ಕೋ ಆಗಲಿ, ಆರೋಗ್ಯ ವಿಮೆಯ ಪ್ರೀಮಿಯಂ ಅನ್ನು ಶುಲ್ಕದಂತೆಯೇ ಪ್ರತ್ಯೇಕವಾಗಿ ಲೆಕ್ಕ ಹಾಕಿ ಕೊಡಬೇಕು. ಶಾಸಕರ ಮುಂದೆ ಇಡಬೇಕಾದ ಬೇಡಿಕೆ ಇದು.

ವಿಮೆ ಹಲಾಲೋ ಅಲ್ಲವೋ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುತ್ತದೆ. ಅದಕ್ಕೆ ಉತ್ತರ ಹೇಳಬೇಕಾದವರು ಉಲಮಾಗಳು. ಆದರೆ ಕೇಳುವಾಗ ಪೂರ್ತಿ ವಿಷಯ ಮುಂದಿಡಿ: ಬ್ರಿಟನ್ನಿನದ್ದು ಸರ್ಕಾರದ ಶುಲ್ಕ, ಆಸ್ಟ್ರೇಲಿಯಾದ್ದು ಕಾನೂನಿನ ಕಡ್ಡಾಯ, ಊರಿನಲ್ಲಿ ಕೊಳ್ಳುವುದು ಕಂಪನಿಯ ಪಾಲಿಸಿ. ಮೂರೂ ಒಂದೇ ಅಲ್ಲ.

ವಿಮಾನ ಹತ್ತುವ ಮುಂಚೆ ಏಜೆಂಟನ್ನು ಕೂರಿಸಿ ಐದು ಪ್ರಶ್ನೆ ಕೇಳಿ. ಕಾಲೇಜಿನ ಹತ್ತಿರ ಯಾವ ಆಸ್ಪತ್ರೆಯಲ್ಲಿ ಇದು ನಡೆಯುತ್ತದೆ? ಕಂಪನಿ ಕೊಡಲು ಶುರು ಮಾಡುವ ಮೊದಲು ನಾವು ಎಷ್ಟು ಕಟ್ಟಬೇಕು? ಈಗಿರುವ ಆಸ್ತಮಾ, ಶುಗರ್ ಇದರಲ್ಲಿ ಸೇರಿದೆಯಾ? ಮಾನಸಿಕ ಆರೋಗ್ಯದ ಚಿಕಿತ್ಸೆ? ಕೊನೆಯದಾಗಿ, ಯಾವ ತಾರೀಕಿಗೆ ಮುಗಿಯುತ್ತದೆ, ಸತ್ತರೆ ಊರಿಗೆ ತರುವ ಖರ್ಚು ಯಾರದ್ದು? ಕೊನೆಯ ಪ್ರಶ್ನೆ ಬಾಯಿಗೆ ಬರುವುದಿಲ್ಲ, ಗೊತ್ತು. ಆದರೂ ಕೇಳಿ. ಉತ್ತರ ಬಾಯಿಮಾತಲ್ಲಿ ಬೇಡ, ಪಾಲಿಸಿಯಲ್ಲೇ ತೋರಿಸಲಿ.

ಜಮಾಅತ್‌ಗಳಿಗೂ ಒಂದು ಮಾತು. ಅನಾಹುತ ಆದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಖಾತೆ ನಂಬರ್ ಹಾಕಿ ಲಕ್ಷಗಟ್ಟಲೆ ಕೂಡಿಸುವ ದೊಡ್ಡ ಮನಸ್ಸು ನಮ್ಮಲ್ಲಿದೆ. ಅದರ ಒಂದು ಸಣ್ಣ ಪಾಲು ಮೊದಲೇ ಪ್ರೀಮಿಯಂಗೆ ಹೋದರೆ, ವಿದ್ಯಾರ್ಥಿವೇತನದ ಜೊತೆ ಅದನ್ನೂ ಸೇರಿಸಿದರೆ, ಆ ಖಾತೆ ನಂಬರ್ ಹಾಕುವ ದಿನವೇ ಬಾರದಿರಬಹುದು. "ಕಾರ್ಡು ಅಲ್ಲಿ ನಡೀತದಾ?" ಎಂದು ಪಣಕಹಳ್ಳಿಯವರು ಚಾಮರಾಜನಗರದ ಬಸ್ಸು ಹತ್ತುವ ಮೊದಲೇ ಕೇಳುತ್ತಾರೆ. ವಿಮಾನ ಹತ್ತುವವರೂ ಅಷ್ಟು ಕೇಳಿದರೆ ಸಾಕು.