ಗಿರಾಕಿ ಪೆನ್‌ಡ್ರೈವ್ ಹಾಕೋ ಮುಂಚೆ ನಿಮ್ಮದು ಯಾವ ವಿಂಡೋಸ್ ನೋಡಿಕೊಳ್ಳಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಯಾವ ಊರಿಗೆ ಹೋದ್ರೂ ತಾಲೂಕು ಕಚೇರಿ ಆಸುಪಾಸು ಜೆರಾಕ್ಸ್, ಆನ್‌ಲೈನ್ ಅರ್ಜಿ ಹಾಕೋ ಅಂಗಡಿಗಳಿವೆ. ಬೆಳಗ್ಗೆಯಿಂದ ಸಂಜೆವರೆಗೆ ಎಷ್ಟು ಜನರ ಪೆನ್‌ಡ್ರೈವ್ ಒಂದೇ ಕಂಪ್ಯೂಟರ್‌ಗೆ ಬೀಳುತ್ತೋ ಲೆಕ್ಕ ಇಟ್ಟವರಿಲ್ಲ. ಅದೇ ಕಂಪ್ಯೂಟರ್‌ನಲ್ಲಿ ಗಿರಾಕಿಗಳ ಆಧಾರ್, ಪಹಣಿ, ಪಾಸ್‌ಬುಕ್ ಸ್ಕ್ಯಾನ್ ಮಾಡಿದ ಫೈಲ್‌ಗಳೂ ಇರುತ್ತವೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ನಿಂತಿತ್ತು. 'ಚೆನ್ನಾಗೇ ಓಡ್ತಿದೆಯಲ್ಲ, ಯಾಕೆ ಬದಲಿಸ್ಬೇಕು?' ಅಂತಾರೆ. ಓಡುತ್ತೆ ನಿಜ. ಬಾಗಿಲ ಚಿಲಕ ಮುರಿದ ಅಂಗಡೀಲೂ ವ್ಯಾಪಾರ ಆಗುತ್ತೆ.

ಎಕ್ಸ್‌ಪಿ ಕಾಲ ನೆನಪಿರುವವರಿಗೆ ಗೊತ್ತು, ಪೆನ್‌ಡ್ರೈವ್‌ನ 'ಆಟೋರನ್' ಫೈಲ್ ಹಿಡಿದೇ ವೈರಸ್ ಊರೂರು ಸುತ್ತುತ್ತಿತ್ತು. 2008ರಲ್ಲಿ ಬಂದ ಕಾನ್‌ಫಿಕರ್ ಈ ದಾರಿಯಲ್ಲೂ ಹರಡಿತು. ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗೆ ಆ ಸೌಲಭ್ಯವನ್ನೇ ಬಂದ್ ಮಾಡಿದರು. ವಿಂಡೋಸ್ 8ರಿಂದ ಡಿಫೆಂಡರ್ ಆಂಟಿವೈರಸ್ ಒಳಗೇ ಬಂತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕೇ ಬೇಕು. ಜೊತೆಗೆ ಸೆಕ್ಯೂರ್ ಬೂಟ್ ಆನ್ ಇದ್ದರೆ ಕಂಪ್ಯೂಟರ್ ಶುರುವಾಗುವಾಗಲೇ ನುಗ್ಗುವ ವೈರಸ್‌ಗೆ ಕಷ್ಟ. ಹೊಸದಕ್ಕೆ ವೈರಸ್ ತಗುಲೋದೇ ಇಲ್ಲ ಅಂತಲ್ಲ, ತೆರೆದ ಬಾಗಿಲು ಕಡಿಮೆ ಅಷ್ಟೇ.

ಅಪ್‌ಡೇಟ್‌ನ ಬೆಲೆ ಗೊತ್ತಾಗಿದ್ದು 2017ರ ಮೇ 12ಕ್ಕೆ. ವಾನ್ನಾಕ್ರೈ ಬಂದು ಸುಮಾರು 150 ದೇಶಗಳಲ್ಲಿ ಲಕ್ಷಾಂತರ ಕಂಪ್ಯೂಟರ್‌ಗಳ ಫೈಲ್ ಲಾಕ್ ಮಾಡಿ ದುಡ್ಡು ಕೇಳಿತು. ಅದು ನುಗ್ಗಿದ ರಂಧ್ರ ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಂಡವರು ಬಚಾವ್, 'ಆಮೇಲೆ ನೋಡೋಣ' ಅಂದವರು ಸಿಕ್ಕಿಬಿದ್ದರು.

ನಮ್ಮ ಕಡೆ ತೊಡಕು ಬೇರೆ. ಸೆಕೆಂಡ್ ಹ್ಯಾಂಡ್ ಸಿಸ್ಟಮ್‌ಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಹಿಡಿಸಲ್ಲ. ಇಂಟೆಲ್ ಆದ್ರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಕೇಳುತ್ತೆ. ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲ್, ಹಳೇ ಪ್ರಿಂಟರ್ ನಡೆಯುತ್ತೋ ಇಲ್ವೋ ಅನ್ನೋ ಭಯ ಬೇರೆ. ಅದು ಸುಳ್ಳು ಭಯವೇನಲ್ಲ, ಸೀಸನ್‌ನಲ್ಲಿ ಒಂದು ದಿನ ಪ್ರಿಂಟರ್ ನಿಂತರೂ ನಷ್ಟ. ಆದರೆ 'ಕ್ರ್ಯಾಕ್' ಹಾಕಿದ ವಿಂಡೋಸ್ ಕಥೆ ಬೇರೆ. ಡಿಫೆಂಡರ್ ಆಫ್ ಮಾಡಿ ಆಕ್ಟಿವೇಟರ್ ಓಡಿಸಿದ ಮೇಲೆ ಅದು 10 ಆದರೇನು, 11 ಆದರೇನು?

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ಒತ್ತಿದರೆ ನಿಮ್ಮದು ಯಾವ ವಿಂಡೋಸ್ ಅಂತ ಕಾಣುತ್ತೆ. ಮನೆ ಬಳಕೆಯ ವಿಂಡೋಸ್ 10ಕ್ಕೆ ನೋಂದಣಿ ಮಾಡಿಕೊಂಡರೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಸಿಗುತ್ತೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಡಬಹುದು. ಇನ್ನೂ 7 ಇಟ್ಟುಕೊಂಡವರು ಟೈಪಿಂಗ್, ಪ್ರಿಂಟ್‌ಗೆ ಮಾತ್ರ ಅದನ್ನಿಟ್ಟು ಇಂಟರ್‌ನೆಟ್ ವೈರ್ ಕಿತ್ತುಬಿಡೋದು ವಾಸಿ. ಗಿರಾಕಿಯ ಆಧಾರ್ ಫೈಲ್ ಅನ್ನು ಕೆಲಸ ಮುಗಿದ ದಿನವೇ ಅಳಿಸಿ.