ಎಥೆನಾಲ್ ಜೋಳ ಬಂದರೆ ಬೆರಕೆಯ ದಂಡ ಯಾರ ತಲೆಗೆ?

ಮೊಳಕೆ ಕಟ್ಟಿದ ರಾಗಿಹಿಟ್ಟಿನಲ್ಲಿ ಅಂಬಲಿ ಕಾಸಿದರೆ ಗಟ್ಟಿಯಾಗುವುದಿಲ್ಲ, ತೆಳ್ಳಗೆ ತುಸು ಸಿಹಿಯಾಗಿರುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಹಿಟ್ಟಿನ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಮೆಕ್ಕೆಜೋಳದಿಂದ ಎಥೆನಾಲ್ ತೆಗೆಯುವ ಕಾರ್ಖಾನೆಯಲ್ಲೂ ಮೊದಲ ಕೆಲಸ ಇದೇ. ಕಿಣ್ವವನ್ನು ಅವರು ದುಡ್ಡು ಕೊಟ್ಟು ತರಬೇಕು.

ಆ ಖರ್ಚು ಯಾಕೆ ಅಂತ ಸಿಂಜೆಂಟಾ ಕಂಪನಿ ಅಮೆರಿಕದಲ್ಲಿ ಕಿಣ್ವವನ್ನು ಕಾಳಿನೊಳಗೇ ಇಟ್ಟಿತು. ಬಿಸಿನೀರಲ್ಲಿ ಬದುಕುವ ಸೂಕ್ಷ್ಮಜೀವಿಗಳಿಂದ ಪಡೆದ ಜೀನನ್ನು ಮೆಕ್ಕೆಜೋಳಕ್ಕೆ ಸೇರಿಸಿ ಎನೋಜೆನ್ ಎಂಬ ಕುಲಾಂತರಿ ತಳಿ ಮಾಡಿದರು. 2011ರ ಫೆಬ್ರುವರಿಯಲ್ಲಿ ಅಲ್ಲಿನ ಕೃಷಿ ಇಲಾಖೆ ಒಪ್ಪಿಗೆ ಕೊಟ್ಟಿತು. ಆಗ ಬೇಡ ಅಂದವರಲ್ಲಿ ಹಿಟ್ಟಿನ ಗಿರಣಿಯವರೂ ಇದ್ದರು. 10,000 ಕಾಳಿಗೆ ಇದರ ಒಂದು ಕಾಳು ಬೆರೆತರೂ ತಿನಿಸಿನ ಹದ ಕೆಟ್ಟೀತು ಎಂಬುದು ಅವರ ಅಳಲು. ಇಂಧನಕ್ಕೆ ಗುಣವಾದದ್ದೇ ಹಿಟ್ಟಿಗೆ ದೋಷ!

ಈ ಜೋಳ ಬೆಳೆಯಲು ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಆದರೆ ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸುವ ಗುರಿ 2025ರಲ್ಲೇ ಮುಟ್ಟಿದ್ದಾಗಿದೆ. ಒಂದು ಟನ್ ಮೆಕ್ಕೆಜೋಳಕ್ಕೆ ಸುಮಾರು 380 ಲೀಟರ್ ಇಳಿಯುತ್ತದೆ. ಇಂಥ ಬೀಜ ನಾಳೆ ನಮ್ಮ ಬಾಗಿಲಿಗೆ ಬರಬಾರದೆಂದೇನಿಲ್ಲ.

ನಾನು ಕುಲಾಂತರಿ ಅಂದಕೂಡಲೇ ಹೌಹಾರುವವನಲ್ಲ. 2002ರಲ್ಲಿ ಅನುಮತಿ ಸಿಕ್ಕ ಬಿಟಿ ಹತ್ತಿಯನ್ನು ಆದೋನಿ ಸೀಮೆಯ ನಾವೆಲ್ಲ ಬಿತ್ತಿದೆವು. ಮೊದಮೊದಲು ಕಾಯಿಕೊರಕಕ್ಕೆ ಔಷಧಿ ಹೊಡೆಯೋದು ಕಡಿಮೆಯಾಯಿತು, ಸುಳ್ಳು ಹೇಳಬಾರದು. 450 ಗ್ರಾಂ ಬೀಜದ ಜೊತೆ 120 ಗ್ರಾಮಿನ ಸಣ್ಣ ಪೊಟ್ಟಣ ಬರುತ್ತಿತ್ತು, ಬಿಟಿ ಅಲ್ಲದ ಹತ್ತಿ. ಹುಳ ಬಿಟಿಗೆ ಒಗ್ಗದಿರಲಿ ಅಂತ ಅದನ್ನು ಹೊಲದ ಸುತ್ತ ಬಿತ್ತಬೇಕಿತ್ತು. ಎಷ್ಟು ಜನ ಬಿತ್ತಿದೆವು? ನಾನಂತೂ ಎರಡು ವರ್ಷ ಬಿತ್ತಿ ಬಿಟ್ಟೆ, ಜಾಗ ದಂಡ ಅನ್ನಿಸಿತು. ಗುಲಾಬಿ ಕಾಯಿಕೊರಕ ಬಿಟಿಯನ್ನು ಅರಗಿಸಿಕೊಂಡು ವಾಪಸ್ ಬಂತು.

ಒಂದು ಪೊಟ್ಟಣ ಬಿತ್ತದವರು ಮೆಕ್ಕೆಜೋಳವನ್ನು ದೂರ ಇಡುತ್ತೇವೆಯೇ? ಅದರ ಪರಾಗ ಗಾಳಿಯಲ್ಲಿ ಹೋಗುತ್ತದೆ. ಹೈಬ್ರಿಡ್ ಬೀಜ ಬೆಳೆದುಕೊಟ್ಟವರಿಗೆ ಗೊತ್ತು, ಸುತ್ತ 200-400 ಮೀಟರ್ ಬೇರೆ ಮೆಕ್ಕೆಜೋಳ ಇರಬಾರದು. ಎರಡೆಕರೆ, ಮೂರೆಕರೆಯ ತುಂಡು ಹೊಲಗಳಲ್ಲಿ ಅಷ್ಟು ಜಾಗ ಎಲ್ಲಿ ತರೋಣ? ಎಥೆನಾಲಿಗೆ ಬೆಳೆಯದ ಪಕ್ಕದ ಹೊಲದವನ ತೆನೆಯಲ್ಲೂ ಆ ಕಾಳು ಕೂಡುತ್ತದೆ.

ಮಂಡಿಯಲ್ಲಿ ಪರಿಚಯದ ಸಾವುಕಾರರೊಬ್ಬರನ್ನು ಕೇಳಿದೆ. “ನೋಡ್ರೀ ಕವಿಗಳೇ, ಹತ್ತು ಮಂದಿ ರೈತರ ಮಾಲು ಸುರಿದು ಒಂದೇ ಲಾರಿ ತುಂಬ್ತೀವಿ. ಮೊಕ್ಕಜೊನ್ನ ಅನ್ರೀ, ಮೆಕ್ಕೆಜೋಳ ಅನ್ರೀ, ಕಣ್ಣಿಗೆ ಎಲ್ಲಾ ಹಳದೀನೇ. ಗಡಿ ದಾಟಿದ ಲಾರಿ ವಾಪಸ್ ಬಂದ್ರೆ ಬಾಡಿಗೆ ಯಾರು ಕೊಡ್ತಾರ?” ಅಂದರು.

ನನ್ನದೂ ಅದೇ ಪ್ರಶ್ನೆ. ಕಿಣ್ವದ ಖರ್ಚು ಉಳಿಯುವುದು ಕಾರ್ಖಾನೆಗೆ, ಬೀಜದ ಲಾಭ ಕಂಪನಿಗೆ. ಬೆರಕೆಯ ನಷ್ಟ ಮಾತ್ರ ರೈತನಿಗೆ, ಮಂಡಿಯವರಿಗೆ ಬರಬಾರದು. ಬಿತ್ತನೆಗೆ ಮುಂಚೆಯೇ ಮಾಲನ್ನು ಹೊಲದಿಂದಲೇ ಎತ್ತುವುದು, ಬೆರೆತಾಗ ಪಕ್ಕದವನಿಗೂ ಪರಿಹಾರ ಕೊಡುವುದು ಬೀಜದ ಕಂಪನಿ ಮತ್ತು ಕಾರ್ಖಾನೆಯ ಹೊಣೆ ಎಂದು ಕರಾರಿನಲ್ಲಿ ಬರೆಯಲಿ. ಆ ಕರಾರು ನಮ್ಮ ಕಡೆ ತೆಲುಗಿನಲ್ಲೂ ಇರಲಿ, ಕನ್ನಡದಲ್ಲೂ ಇರಲಿ. ಇಂಗ್ಲಿಷ್ ಕಾಗದಕ್ಕೆ ನಾನು ಹೆಬ್ಬೆಟ್ಟು ಒತ್ತುವುದಿಲ್ಲ.