ಮೇಷ್ಟ್ರ ಬೆನ್ನಿಗೆ ಯಾರಿದ್ದಾರೆ?

2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಕಾಲೇಜುಗಳಿಗೆ ಬೀಗ ಬಿತ್ತು. ರಾಜ್ಯದಲ್ಲಿ ಕಾಲೇಜಿನ ಬಾಗಿಲು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. ಅಷ್ಟು ದಿನ ಮೇಲಿನಿಂದ ಬಂದ ಅಪ್ಪಣೆ ಒಂದೇ: ಆನ್‌ಲೈನ್‌ನಲ್ಲಿ ಪಾಠ ಮಾಡಿ. ಹೇಗೆ ಮಾಡಬೇಕು ಸ್ವಾಮಿ? ವೆಬಿನಾರ್ ನಡೆದವು, ಸರ್ಟಿಫಿಕೇಟ್ ಬಂದವು. ಪಕ್ಕದಲ್ಲಿ ಕೂತು ಹೇಳಿಕೊಡುವವರು ಮಾತ್ರ ಇರಲಿಲ್ಲ.

ಕರಿಹಲಗೆ ಮುಂದೆ ಗಂಟೆಗಟ್ಟಲೆ ಮಾತಾಡಬಲ್ಲ ಉಪನ್ಯಾಸಕರೂ ಮೊಬೈಲಿನ ಮುಂದೆ ತಡವರಿಸಿದರು. ಅದು ಅವರ ತಪ್ಪಲ್ಲ. ತರಗತಿಯಲ್ಲಾದರೆ ಹುಡುಗರ ಮುಖ ನೋಡಿದರೇ ಅರ್ಥವಾಯಿತೋ ಇಲ್ಲವೋ ಗೊತ್ತಾಗುತ್ತೆ. ಫೋನಿನಲ್ಲಿ ಕಾಣುವುದು ಬರೀ ಹೆಸರು. ಅತ್ತ ಹಳ್ಳಿ ಹುಡುಗ ಸಿಗ್ನಲ್ ಹುಡುಕಿಕೊಂಡು ಮಾಳಿಗೆ ಹತ್ತಬೇಕು. ಎರಡು ಪಾಠ ಕೇಳುವಷ್ಟರಲ್ಲಿ ದಿನದ ಡಾಟಾ ಖಾಲಿ.

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೆಲಸಕ್ಕೆಂದೇ ಜನರಿದ್ದಾರೆ. ಇನ್‌ಸ್ಟ್ರಕ್ಷನಲ್ ಡಿಸೈನರ್ ಅಂತ ಅವರ ಹೆಸರು. ನಮ್ಮ ಮಾತಿನಲ್ಲಿ ಪಾಠ ಕಟ್ಟುವವರು ಅನ್ನೋಣ. ವಿಷಯ ಮೇಷ್ಟ್ರದು, ಅದನ್ನು ತಲುಪಿಸುವ ದಾರಿ ಹುಡುಕುವುದು ಇವರ ಕೆಲಸ. ಒಂದು ಗಂಟೆಯ ಪಾಠವನ್ನು ಹತ್ತು ಹತ್ತು ನಿಮಿಷಕ್ಕೆ ಒಡೆಯಿರಿ, ಡಾಟಾ ಇಲ್ಲದವನಿಗೆ ಧ್ವನಿ ಮಾತ್ರ ಕಳಿಸಿ, ಪ್ರತಿ ತುಂಡಿನ ಕೊನೆಗೆ ಎರಡು ಪ್ರಶ್ನೆ ಇಡಿ, ಪರೀಕ್ಷೆಯನ್ನು ಹೀಗೆ ಬದಲಿಸಿ ಎಂದು ಜೊತೆಯಲ್ಲಿದ್ದು ತಿದ್ದಿಕೊಡುತ್ತಾರೆ. ಒಂದು ವಿಷಯವನ್ನು ಪೂರ್ತಿ ಆನ್‌ಲೈನ್‌ಗೆ ಅಣಿಗೊಳಿಸಲು ಆರರಿಂದ ಒಂಬತ್ತು ತಿಂಗಳು ಬೇಕೆಂದು ಆ ಕ್ಷೇತ್ರದ ತಜ್ಞರೇ 2020ರಲ್ಲಿ ಬರೆದರು. ನಮ್ಮ ಮೇಷ್ಟ್ರಿಗೆ ಸಿಕ್ಕಿದ್ದು ಕೆಲವೇ ದಿನ!

ಸರ್ಕಾರ ಸುಮ್ಮನೆ ಕೂರಲಿಲ್ಲ, ನಿಜ. 2021ರಲ್ಲಿ ಸರ್ಕಾರಿ ಪದವಿ ಕಾಲೇಜು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿತು. ಆದರೆ ತಕ್ಕಡಿ ತಂದಿಟ್ಟ ಮಾತ್ರಕ್ಕೆ ವ್ಯಾಪಾರ ಬಂದೀತೆ? ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಲಾ ಮೇಷ್ಟ್ರ ಸ್ಥಿತಿ ಇದಕ್ಕಿಂತ ವಾಸಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಕಲಿಸುವ ಕ್ರಮ ತಿದ್ದಲೆಂದೇ ಮಧುಗಿರಿಯಲ್ಲಿ ಡಯಟ್ ಇದೆ. ಇದೇ ನಾಲ್ಕು ತಾಲ್ಲೂಕಿನ ಪದವಿ ಕಾಲೇಜುಗಳು ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಎಂ.ಎ., ಎಂ.ಕಾಂ. ಮಾಡಿ ಬಂದ ಅಲ್ಲಿನ ಉಪನ್ಯಾಸಕರಿಗೆ ಬಿ.ಎಡ್. ಕಡ್ಡಾಯವಲ್ಲ. ಪಾಠದ ಹೊರೆ ಹೊತ್ತವರಲ್ಲಿ ಅತಿಥಿ ಉಪನ್ಯಾಸಕರೇ ಬಹಳ. ಕಷ್ಟ ಬಂದಾಗ ಇವರು ಯಾರ ಬಾಗಿಲು ತಟ್ಟಬೇಕು?

ನಮ್ಮ ಆಗ್ರಹ ದೊಡ್ಡದೇನಲ್ಲ. ನಾಲ್ಕು ತಾಲ್ಲೂಕಿಗೆ ಕನಿಷ್ಠ ಇಬ್ಬರು ಪಾಠ ಕಟ್ಟುವವರನ್ನು ವಿಶ್ವವಿದ್ಯಾಲಯವೂ ಕಾಲೇಜು ಶಿಕ್ಷಣ ಇಲಾಖೆಯೂ ಸೇರಿ ನೇಮಿಸಲಿ. ಅವರು ಕನ್ನಡ ಬಲ್ಲವರಿರಲಿ, ತಿಂಗಳಿಗೊಮ್ಮೆ ಪ್ರತಿ ಕಾಲೇಜಿಗೂ ಹೋಗಲಿ. ಅತಿಥಿ ಉಪನ್ಯಾಸಕರನ್ನು ಹೊರಗಿಡುವುದು ಬೇಡ. ತರಬೇತಿ ದಿನಕ್ಕೂ ಅವರಿಗೆ ಸಂಬಳ ಸಿಗಲಿ.

ಹಣವಿಲ್ಲ ಎಂಬ ಉತ್ತರ ಬರುತ್ತದೆ, ಗೊತ್ತು. ಆದರೆ ಬೆಳಗಿನ ಬಸ್ಸಿನಲ್ಲಿ ಜೋತಾಡಿಕೊಂಡು ಕಾಲೇಜಿಗೆ ಬರುವ ಮಕ್ಕಳು ಕಳೆದುಕೊಂಡ ತಿಂಗಳುಗಳ ಲೆಕ್ಕ ಯಾವ ಖಾತೆಯಲ್ಲಿದೆ? ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದನ್ನು ಒಮ್ಮೆ ನೋಡಿದ್ದಾಯಿತು. ಇನ್ನೊಮ್ಮೆ ಬೇಡ.